ಕೊಂಬಿದ್ದರೂ ಹುಳುವೇ

ಕೂಡಲಸಂಗಮಕ್ಕೆ ಹೋದವರು ಐಕ್ಯಮಂಟಪದ ಮೆಟ್ಟಿಲಿಳಿದು ಹತ್ತುತ್ತಾರೆ, ಕೃಷ್ಣೆ ಮಲಪ್ರಭೆ ಕೂಡುವ ಕಡೆ ಕೈಮುಗಿಯುತ್ತಾರೆ, ಮಿರ್ಚಿ ಚುರುಮುರಿ ತಿಂದು ಬಸ್ಸು ಹಿಡಿಯುತ್ತಾರೆ. ಅಲ್ಲೇ ಬದುವಿನ ಮೇಲೆ ತೆವಳುವ ಬಸವನಹುಳುವನ್ನು ಕೇಳುವವರುಂಟೇ? ಬಸವಣ್ಣನ ಊರಲ್ಲೇ ಈ ಬಸವನಿಗೆ ದಿಕ್ಕಿಲ್ಲ!

ಹೆಸರಿಟ್ಟವರ ಕಣ್ಣು ಮಾತ್ರ ಚುರುಕು. ಕೊಂಬಿದ್ದ ಮೇಲೆ ಎತ್ತು, ಎತ್ತು ಅಂದ ಮೇಲೆ ಬಸವ. ಮೆಲ್ಲಗೆ ಮುಟ್ಟಿ ನೋಡಿ: ಆ ಕೊಂಬು ಕಾಲುಚೀಲ ಮಗುಚಿದ ಹಾಗೆ ಒಳಮಗುಚಿಕೊಂಡು ಮಾಯ. ಉದ್ದ ಕೊಂಬಿನ ತುದಿಯಲ್ಲೇ ಕಣ್ಣು. ಹೀಗಾಗಿ ಹೆದರಿದಾಗ ನೋಟವನ್ನೂ ಒಳಗೆಳೆದುಕೊಳ್ಳುತ್ತದೆ.

ಇಂಥದ್ದಕ್ಕೆ ಶಾಲೆಯಲ್ಲಿ ಮೃದ್ವಂಗಿ ಎಂದು ನಾಮಕರಣ. ಅಜ್ಜನ ಕಿವಿಗೆ ಬಿದ್ದರೆ ಕೇಳಿಯೇ ಕೇಳುತ್ತಾನೆ: "ಮೆತ್ತನ ಅಂಗೀನಾ? ಇಳಕಲ್‌ದಾಗ ಸೀರಿ ನೇಯ್ತಾರ, ಅಂಗಿ ಯಾವಾಗ ಸುರು ಮಾಡಿದ್ರೋ?"

ಅಜ್ಜನ ಮಾತು ಪೂರಾ ಸುಳ್ಳೂ ಅಲ್ಲ. ಇವುಗಳ ಮೈಗೆ ಹೊದ್ದುಕೊಂಡ ತೆಳುವಾದ ಪೊರೆಯೊಂದಿದೆ. ಸುಣ್ಣ ಒಸರಿಸಿ ಚಿಪ್ಪು ಕಟ್ಟುವುದು ಅದೇ. ಅಂಗಿಯೇ ಗೌಂಡಿ ಕೆಲಸ ಮಾಡುತ್ತದೆ! (ಬಾಗಲಕೋಟೆಯ ಸಿಮೆಂಟಿಗೆ ಹೋಗುವ ಸುಣ್ಣದಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ. ಆದರೆ ಅದರಲ್ಲಿ ಚಿಪ್ಪು ಹುಡುಕಬೇಡಿ. ಆ ಕಲ್ಲು ಕೂತಾಗ ಚಿಪ್ಪಿನ ಜೀವಿಗಳು ಇನ್ನೂ ಹುಟ್ಟಿರಲೇ ಇಲ್ಲ.)

ಕುಲ ಒಂದೇ, ಮರ್ಯಾದೆ ಬೇರೆ ಬೇರೆ. ಕವಡೆ ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಿಗೇರಿತು. ಹೊಳೆಯ ಎರಡು ಬಾಗಿಲಿನ ಚಿಪ್ಪಿನೊಳಗೆ ಕಪ್ಪೆ ಎಂದೂ ಇದ್ದದ್ದಿಲ್ಲ. ಆದರೂ ಅದು ಕಪ್ಪೆಚಿಪ್ಪು. ಆಕ್ಟೋಪಸ್ಸಂತೂ ಮನೆಯನ್ನೇ ಬಿಟ್ಟು ಮೂರು ಹೃದಯ ಇಟ್ಟುಕೊಂಡಿತು. ಎಲ್ಲರಿಗಿಂತ ಅದೃಷ್ಟ ಶಂಖದ್ದು. ಬಾದಾಮಿಯ ಮೂರನೆಯ ಗುಹೆಯಲ್ಲಿ, 578ರಿಂದ, ಆದಿಶೇಷನ ಮೇಲೆ ಕೂತ ವಿಷ್ಣುವಿನ ಕೈಯಲ್ಲೇ ಇದೆ. ಅದರೊಳಗಿದ್ದ ಹುಳುವಿನ ಊಟದ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ: ಸಮುದ್ರದ ಮರಳಿನಲ್ಲಿ ಹುಳ ಹಿಡಿದು ತಿನ್ನುವ ಅಪ್ಪಟ ಮಾಂಸಾಹಾರಿ ಅದು. ಹಿತ್ತಲಲ್ಲಿ ಸೊಪ್ಪು ಮೇಯುವ ಬಸವನ ಮೇಲೆ ಉಪ್ಪು ಎರಚಿ, ಶಂಖದಿಂದ ಬಿದ್ದದ್ದನ್ನು ತೀರ್ಥವೆಂದು ಕುಡಿಯುತ್ತೇವೆ.

ಇಷ್ಟನ್ನೂ ಕೇಳಿದ ಅಜ್ಜ ಸುಮ್ಮನಿರುವ ಆಸಾಮಿಯಲ್ಲ. "ಹಂಗಾರ ಮಾಸ್ತರ, ಗುಡಿಯಾಗಿನ ಶಂಖಾನೂ ಮೃದ್ವಂಗಿ ಅಂತೀರೇನು? ಪೂಜಾರಪ್ಪಗ ನೀವ ಹೇಳ್ರಿ. ನಾ ಒಲ್ಲೆ."