“ನನ್ನನ್ನು ಅಳಿಸಿ, ಅಳಬೇಡಿ”

ಲಗ್ನದ ಸೀಸನ್. ತುಮಕೂರಿನ ಬಿ.ಎಚ್. ರಸ್ತೆಯ ಒಂದು ವಿಡಿಯೋ ಸ್ಟುಡಿಯೋದಲ್ಲಿ ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೋ ತಂತ್ರಾಂಶ ಮುಗ್ಗರಿಸುತ್ತಿದೆ, ಸಿ ಡ್ರೈವ್ ಕೆಂಪಗಾಗಿದೆ. ಎಲ್ಲರ ಬೈಗುಳವೂ ಡಿಸ್ಕ್ ಕ್ಯಾಶ್ ಎಂಬ ಫೋಲ್ಡರಿಗೇ. ಆರೋಪಿಯ ಹೇಳಿಕೆಯನ್ನೂ ಕೇಳೋಣವೆಂದು ಹೋದೆವು.

ಪ್ರಶ್ನೆ: ಡ್ರೈವನ್ನೆಲ್ಲ ನುಂಗಿದ್ದೀರಂತೆ?

ಕ್ಯಾಶ್: ಬಡಿಸಿದವರನ್ನು ಬಿಟ್ಟು ಉಂಡವನನ್ನು ಹಿಡಿಯುತ್ತೀರಲ್ಲ! ಲೆಕ್ಕ ಹಾಕಿ. ಒಂದು ಫ್ರೇಮಿಗೆ 1920 × 1080 ಚುಕ್ಕಿ, ಚುಕ್ಕಿಗೆ 4 ಬೈಟ್. ಕುಗ್ಗಿಸದೆ ಇಟ್ಟರೆ ಸುಮಾರು 8 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 200 ಎಂಬಿ ದಾಟಿತು. ಫೋರ್‌ಕೆ ಮಾಡಿದರೆ ಅದರ ನಾಲ್ಕು ಪಟ್ಟು.

ಪ್ರಶ್ನೆ: ಅಷ್ಟನ್ನೂ ಇಟ್ಟುಕೊಂಡು ಏನು ಮಾಡುತ್ತೀರಿ?

ಕ್ಯಾಶ್: ಕ್ಯಾತ್ಸಂದ್ರದ ಹೋಟೆಲಿನಲ್ಲಿ ಗಿರಾಕಿ ಕೂರುವ ಮೊದಲೇ ತಟ್ಟೆ ಇಡ್ಲಿ ಬೆಂದಿರುವುದಿಲ್ಲವೇ, ಹಾಗೆ. ಕುಣಿಗಲ್ ಕೆರೆಯ ಮೇಲೆ ಮಧ್ಯಾಹ್ನ ಡ್ರೋನ್ ಹಾರಿಸಿ, ಅದಕ್ಕೆ ಸೂರ್ಯಾಸ್ತ ಅಂಟಿಸಿದ್ದಾರೆ. ಹಾಗೆ ಒಮ್ಮೆ ತಯಾರಾದ ಫ್ರೇಮನ್ನು ಎತ್ತಿಟ್ಟು, ಮತ್ತೆ ಕೇಳಿದಾಗ ಕೊಡುತ್ತೇನೆ. ಟೈಮ್‌ಲೈನ್ ಮೇಲಿನ ಹಸಿರು ಗೆರೆ ರ‍್ಯಾಮಿನದು, ನೀಲಿ ನನ್ನದು. ಕರೆಂಟ್ ಹೋದರೆ ಹಸಿರು ಮಾಯ. ನಾನು ಇಲ್ಲೇ ಬಿದ್ದಿರುತ್ತೇನೆ.

ಪ್ರಶ್ನೆ: ಮತ್ತೆ ಇಷ್ಟು ನಿಧಾನ ಏಕೆ?

ಕ್ಯಾಶ್: ಗುಬ್ಬಿಯ ಬೀಗರನ್ನು ಕೇಳಿ. “ಹುಡುಗಿ ಇನ್ನೊಂಚೂರು ಬೆಳ್ಳಗಿರಲಿ” ಅಂದರು. ಎಡಿಟರ್ ಹುಡುಗ ಬಣ್ಣ ತಿದ್ದುವ ಕರ್ವ್ಸ್ ಎಳೆದ. ಆಕೆ ಕಾಣುವ ಅಷ್ಟೂ ಫ್ರೇಮುಗಳ ನೀಲಿ ಗೆರೆ ಅಳಿಸಿಹೋಯಿತು, ಎಲ್ಲ ಮೊದಲಿಂದ. ಆಮೇಲೆ ಹುಡುಗಿಯ ಅಪ್ಪ ಬಂದು “ಇವಳು ನಮ್ಮ ಮಗಳೇ ಅಲ್ಲ” ಅಂದರು. ಹುಡುಗ ಹಳೆಯ ಬಣ್ಣಕ್ಕೆ ವಾಪಸಾದ. ಅದು ನನ್ನ ಹತ್ತಿರ ಇನ್ನೂ ಇತ್ತು, ಗೆರೆ ತಟ್ಟನೆ ಮೂಡಿತು. 2012ರ ಸಿಎಸ್6 ಆವೃತ್ತಿಯಿಂದ ನನಗೆ ಈ ನೆನಪಿನ ಶಕ್ತಿ ಬಂದಿದೆ. ಮಗಳನ್ನು ವಾಪಸ್ ಕೊಟ್ಟವನು ನಾನು, ಕಾಫಿ ಕುಡಿದವರು ಸ್ಟುಡಿಯೋ ಮಾಲೀಕರು.

ಪ್ರಶ್ನೆ: ಗುಬ್ಬಿ ಎಂದರೆ ನೆನಪಾಯಿತು, ಆ ಊರಿನ ನಾಟಕ ಕಂಪನಿಗೆ ನಿಮ್ಮ ಹಂಗೇ ಇರಲಿಲ್ಲ ಬಿಡಿ.

ಕ್ಯಾಶ್: ಒಪ್ಪಿದೆ. 1884ರಲ್ಲಿ ಶುರುವಾದ ಕಂಪನಿ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದರು. ಈಗ ಅದೇ ಊರಿನ ಮದುವೆ ವಿಡಿಯೋದ ಆನೆ ನನ್ನ ಹೊಟ್ಟೆಯಲ್ಲಿದೆ. ಕುಣಿಗಲ್ ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಅಲ್ಲಿನ ಗಂಡು ಕೂಡ ಪ್ರೀ ವೆಡ್ಡಿಂಗ್‌ನಲ್ಲಿ ಡೌನ್‌ಲೋಡ್ ಮಾಡಿದ ಕುದುರೆಯ ಮೇಲೇ ಬರುತ್ತಾನೆ!

ಪ್ರಶ್ನೆ: ನಿಮ್ಮನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆ?

ಕ್ಯಾಶ್: ಪ್ರಿಫರೆನ್ಸಸ್ ಒಳಗೆ ‘ಮೀಡಿಯಾ ಅಂಡ್ ಡಿಸ್ಕ್ ಕ್ಯಾಶ್’ ಅಂತಿದೆ. ನನ್ನನ್ನು ಸಿ ಡ್ರೈವಿನಿಂದ ಬೇರೆ ಎಸ್‌ಎಸ್‌ಡಿಗೆ ಒಕ್ಕಲೆಬ್ಬಿಸಿ, ಇಷ್ಟೇ ಜಿಬಿ ಅಂತ ಮಿತಿ ಹಾಕಿ. ಮಿತಿ ಮುಟ್ಟಿದರೆ ಹಳತನ್ನು ನಾನೇ ಹೊರದಬ್ಬುತ್ತೇನೆ. ವಿಡಿಯೋ ಕೊಟ್ಟು ಬಾಕಿ ವಸೂಲಾದ ಮೇಲೆ ‘ಎಂಪ್ಟಿ ಡಿಸ್ಕ್ ಕ್ಯಾಶ್’ ಒತ್ತಿ. ಬಾಕಿ ಬರುವ ತನಕ ಮುಟ್ಟಬೇಡಿ, ಅಲ್ಲಿವರೆಗೂ “ಒಂದೇ ಒಂದು ಚೇಂಜ್” ಬರುತ್ತಲೇ ಇರುತ್ತದೆ. ಪಕ್ಕದಲ್ಲಿ ನಮ್ಮ ದಾಯಾದಿ ಮೀಡಿಯಾ ಕ್ಯಾಶ್ ಇದ್ದಾನೆ, ಹೋದ ವರ್ಷದ ಮದುವೆಗಳ ಓಲಗದ ಸದ್ದನ್ನೆಲ್ಲ ಗುಡ್ಡೆ ಹಾಕಿಕೊಂಡು. ಅವನನ್ನೂ ಗುಡಿಸಿ. ಮುಂದಿನ ಸಲ ಪ್ರಾಜೆಕ್ಟ್ ತೆರೆಯುವುದು ತಡವಾಗುತ್ತದೆ, ಅಷ್ಟೇ.

ಪ್ರಶ್ನೆ: ಆದರೆ ಅಳಿಸಲು ಹೆದರುತ್ತಾರಲ್ಲ?

ಕ್ಯಾಶ್: ಹೆದರಬೇಕಾದ ಕಡೆ ಹೆದರುವುದಿಲ್ಲ ಸ್ವಾಮಿ! ನಾನು ಹೋದರೆ ಮತ್ತೆ ಹುಟ್ಟುತ್ತೇನೆ. ಧಾರೆ ಮುಹೂರ್ತ ಮತ್ತೆ ಬರುತ್ತದೆಯೇ? ಅದನ್ನು ಹಿಡಿದ ಕಾರ್ಡನ್ನು ಒಂದೇ ಕಡೆ ಕಾಪಿ ಮಾಡಿ, ಸಂಜೆಯೇ ಫಾರ್ಮ್ಯಾಟ್. ನಾಳೆಯ ಮದುವೆಗೆ ಕಾರ್ಡ್ ಬೇಕಲ್ಲ. ನನ್ನ ಫೈಲುಗಳ ಹೆಸರು ಯಾರಿಗೂ ಅರ್ಥವಾಗುವುದಿಲ್ಲ, ಅದಕ್ಕೇ ಭಯಭಕ್ತಿ. ಧಾರೆಯ ಫೋಲ್ಡರಿಗೆ ಇಟ್ಟಿರುವ ಹೆಸರು ‘ನ್ಯೂ ಫೋಲ್ಡರ್ 2’.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ…

ಕ್ಯಾಶ್: ಓದುಗರು ಆಮೇಲೆ! ಮಾಲೀಕರು ಜಾಗ ಖಾಲಿ ಮಾಡಲು ಕೂತಿದ್ದಾರೆ, ಮೌಸು ‘ನ್ಯೂ ಫೋಲ್ಡರ್ 2’ರ ಮೇಲಿದೆ. ಕೂಗ್ರೀ, ಬೇಗ ಕೂಗ್ರೀ!