ಎಜುಕೇಟರ್ ಮೇಡಂ

ಎಜುಕೇಟರ್ ಮೇಡಂ ಅವರನ್ನು ದೂರದಿಂದಲೇ ಗುರುತಿಸಬಹುದು. ಮೈತುಂಬ ಕಪ್ಪು ಬಟ್ಟೆ, ಸೊಂಟದಲ್ಲಿ ಬ್ರಷ್ಷುಗಳನ್ನು ಸಿಕ್ಕಿಸಿದ ಬೆಲ್ಟು, ಕೆನ್ನೆಗಂಟಿದ ಮೈಕು. ಕೈಯಲ್ಲೊಂದು ಬಾಚಣಿಗೆ ಇರುತ್ತದೆ. ಅದು ಕೂದಲಲ್ಲಿ ಓಡಾಡುವುದಕ್ಕಿಂತ ಗಾಳಿಯಲ್ಲಿ ಓಡಾಡುವುದೇ ಹೆಚ್ಚು. ಎದುರಿನ ಕುರ್ಚಿಯಲ್ಲಿ ಕೂತ ಹುಡುಗಿಯ ತಲೆ ಅರ್ಧ ಗುಂಗುರಾಗಿ ಅರ್ಧ ನೆಟ್ಟಗಾಗಿ ಮುಕ್ಕಾಲು ಗಂಟೆ ಕಳೆದಿದ್ದರೂ ಮೇಡಂ ಇನ್ನೂ ಆತ್ಮವಿಶ್ವಾಸದ ಪೀಠಿಕೆಯಲ್ಲೇ ಇರುತ್ತಾರೆ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎಂದು ನಮ್ಮ ಹಳ್ಳಿಯವರು ಅನ್ನುತ್ತಿದ್ದುದು ಇಂಥ ಸಂದರ್ಭಕ್ಕೇ ಇರಬೇಕು. ಲಾಂಗ್ ಬೀಚ್ ಕನ್ವೆನ್ಷನ್ ಸೆಂಟರ್‌ನಲ್ಲಿ ಇಂಟರ್‌ನ್ಯಾಷನಲ್ ಸಲೂನ್ ಅಂಡ್ ಸ್ಪಾ ಎಕ್ಸ್‌ಪೋ ಎಂಬ ಸೌಂದರ್ಯೋದ್ಯಮದ ಜಾತ್ರೆ ನೆರೆದಾಗ ಇವರು ಮಳಿಗೆಗೊಬ್ಬರಂತೆ ಸಿಗುತ್ತಾರೆ. 2009ರಿಂದ 2013ರವರೆಗೆ ಟೆಡ್ ಭಾಷಣಗಳ ಸಮ್ಮೇಳನ ನಡೆದದ್ದೂ ಇದೇ ಆವರಣದಲ್ಲಿ. ಅಲ್ಲಿ ಹದಿನೆಂಟು ನಿಮಿಷದಲ್ಲಿ ಜಗತ್ತನ್ನು ಬದಲಿಸಲು ಹೊರಟವರಿಗಿದ್ದ ಗಾಂಭೀರ್ಯಕ್ಕಿಂತ ಒಂದು ಹುಬ್ಬನ್ನು ಬದಲಿಸಲು ಹೊರಟ ಮೇಡಂ ಅವರ ಗಾಂಭೀರ್ಯ ಒಂದು ತೂಕ ಹೆಚ್ಚೇ.

ಈ ಮೇಡಂ ಅವರಲ್ಲಿ ಒಂದು ಕನ್ನಡ ತಳಿಯೂ ಉಂಟು. ಲಾಂಗ್ ಬೀಚ್‌ನಿಂದ ಹೆಚ್ಚು ದೂರವಿಲ್ಲದ ಆರ್ಟೀಷಿಯಾದ ಪಯೊನಿಯರ್ ಬುಲೆವಾರ್ಡ್ ಎಂಬ ಬೀದಿಯನ್ನು ಎಲ್ಲರೂ ಲಿಟಲ್ ಇಂಡಿಯಾ ಎನ್ನುತ್ತಾರೆ. ಸೀರೆಯಂಗಡಿ, ಮಿಠಾಯಿಯಂಗಡಿಗಳ ನಡುವೆ ಥ್ರೆಡಿಂಗ್ ಪಾರ್ಲರುಗಳೂ ಅಲ್ಲಿವೆ. ಗಂಡನ ವೀಸಾದ ಬೆನ್ನಿಗೆ ಬಂದು, ಡಿಗ್ರಿ ಸರ್ಟಿಫಿಕೇಟನ್ನು ಸೂಟ್‌ಕೇಸಿನಲ್ಲೇ ಬಿಟ್ಟು ವರ್ಷಗಟ್ಟಲೆ ಕೂತ ಹೆಂಗಸರು ಎಷ್ಟೋ ಮಂದಿ. 2015ರ ಮೇ ತಿಂಗಳಲ್ಲಿ ಇಂಥ ಅವಲಂಬಿತರಿಗೆ ಸಿಗುವ ಎಚ್-4 ವೀಸಾದವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ಸಿಕ್ಕಿತು. ಹಾಗೆ ದುಡಿಮೆಗೆ ಇಳಿದವರಲ್ಲಿ ಕೆಲವರು ಮೇಕಪ್ಪಿನ ಕಡೆ ಹೊರಳಿದರು. ಹೊರಳಿದವರಲ್ಲಿ ಕೆಲವರು ಬಹಳ ಬೇಗ ಗುರುಗಳಾದರು. ಕನ್ನಡ ಕೂಟದ ದೀಪಾವಳಿಯ ಹೊತ್ತಿಗೆ ಸೀರೆ ಉಡಿಸುವ ವರ್ಕ್‌ಶಾಪು, ಯುಗಾದಿಯ ಹೊತ್ತಿಗೆ ಮೊಗ್ಗಿನ ಜಡೆಯ ಮಾಸ್ಟರ್‌ಕ್ಲಾಸು. ಇಲ್ಲಿಯ ಪೋಸ್ಟರಿನಲ್ಲಿ ಅವರು ಬೆಂಗಳೂರಿನ ಬ್ರೈಡಲ್ ಸ್ಪೆಷಲಿಸ್ಟು. ರಜೆಗೆ ಊರಿಗೆ ಹೋದಾಗ ಬಸವನಗುಡಿಯ ಫ್ಲೆಕ್ಸಿನಲ್ಲಿ ಲಾಸ್ ಏಂಜಲೀಸ್ ಖ್ಯಾತಿಯವರು. ಎರಡು ಊರಿನಲ್ಲೂ ಇನ್ನೊಂದು ಊರಿನ ಹೆಸರೇ ಓಡುವುದರಿಂದ, ಯಾವ ಊರಿನವರೂ ವಿಚಾರಿಸಲು ಹೋಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಗೇಲಿಯಾಗುತ್ತದೆ. ಮೇಡಂ ಅವರ ಈ ವೇಷವನ್ನು ಹೊಲಿದುಕೊಟ್ಟ ದರ್ಜಿ ಬೇರೆಯೇ ಇದ್ದಾನೆ: ಕ್ಯಾಲಿಫೋರ್ನಿಯಾದ ಕಾಯಿದೆ. ಕಲಿಯುವವರ ಲೆಕ್ಕ ಇಡುವುದರಲ್ಲಿ ಈ ರಾಜ್ಯ ಭಾರಿ ಕಟ್ಟುನಿಟ್ಟು. ಉಗುರಿನ ಕೆಲಸಕ್ಕೆ 400 ಗಂಟೆ, ಚರ್ಮದ ಕೆಲಸಕ್ಕೆ 600 ಗಂಟೆ, ಕೂದಲು ಚರ್ಮ ಉಗುರು ಮೂರೂ ಸೇರಿದ ಕಾಸ್ಮೆಟಾಲಜಿಗೆ 1,000 ಗಂಟೆ ತರಗತಿಯಲ್ಲಿ ಕೂತಿರಲೇಬೇಕು. ಕಾಸ್ಮೆಟಾಲಜಿಯ ಲೆಕ್ಕ ಮೊದಲು 1,600 ಗಂಟೆ ಇತ್ತು. ಸೆನೆಟ್ ಬಿಲ್ 803 ಎಂಬ ಕಾನೂನು ಅದನ್ನು 2022ರ ಜನವರಿಯಿಂದ ಇಳಿಸಿತು. ಅದೇ ಕಾನೂನು ಇನ್ನೊಂದು ಕೆಲಸವನ್ನೂ ಮಾಡಿತು: ಕೈಕೆಲಸದ ಪರೀಕ್ಷೆಯನ್ನು ತೆಗೆದುಹಾಕಿ ಬರವಣಿಗೆಯ ಪರೀಕ್ಷೆಯೊಂದನ್ನೇ ಉಳಿಸಿತು. ಅಂದಮೇಲೆ ಕತ್ತರಿ ಹಿಡಿಯುವ ಕೈಗೆ ನಿಜಕ್ಕೂ ಕತ್ತರಿ ಹಿಡಿಯಲು ಬರುತ್ತದೆಯೇ ಎಂದು ನೋಡುವ ಜವಾಬ್ದಾರಿಯೆಲ್ಲ ಶಾಲೆಯಲ್ಲಿ ಪಾಠ ಹೇಳುವವರ ಹೆಗಲಿಗೆ ಬಿತ್ತು. ಆ ಹೆಗಲು ಎಂಥದ್ದು ಎಂದು ಅಳೆಯಲು ರಾಜ್ಯದ ಬಾರ್ಬರಿಂಗ್ ಅಂಡ್ ಕಾಸ್ಮೆಟಾಲಜಿ ಬೋರ್ಡಿನ ಬಳಿ ಏನಿದೆ? ಬೋಧಕರಿಗೆಂದೇ ಪ್ರತ್ಯೇಕ ಲೈಸೆನ್ಸನ್ನು ಅದು ಕೊಡುವುದಿಲ್ಲ. ಪಕ್ಕದ ನೆವಾಡಾದಲ್ಲಿ ಅಂಥ ಲೈಸೆನ್ಸು ಉಂಟು. ಇಲ್ಲಿ ಖಾಸಗಿ ಶಾಲೆಗಳ ಮೇಲೆ ಕಣ್ಣಿಡುವ ಇನ್ನೊಂದು ಇಲಾಖೆಯ ನಿಯಮ, ಬೋಧಕರಿಗೆ ಆ ವಿಷಯದ ಅನುಭವ, ಶಿಕ್ಷಣ, ತರಬೇತಿ ಸೇರಿ ಕನಿಷ್ಠ 3 ವರ್ಷದ ಹಿನ್ನೆಲೆ ಇರಬೇಕು ಎನ್ನುತ್ತದೆ. ಆ ನಿಯಮವೂ ಶಾಲೆಗೇ ಹೊರತು ಹೋಟೆಲಿನ ಸಭಾಂಗಣ ಬಾಡಿಗೆಗೆ ಹಿಡಿದು ನಡೆಸುವ ವಾರಾಂತ್ಯದ ಮಾಸ್ಟರ್‌ಕ್ಲಾಸಿನ ತನಕ ಅಷ್ಟಾಗಿ ತಲುಪುವುದಿಲ್ಲ.

ಸರ್ಕಾರ ಬಿರುದು ಕೊಡದ ಜಾಗದಲ್ಲಿ ಮನುಷ್ಯರು ತಾವೇ ಬಿರುದು ಕಟ್ಟಿಕೊಳ್ಳುತ್ತಾರೆ. ಹಾಗಾಗಿ ಟ್ರೇನರ್ ಆಗಿದ್ದವರು ಎಜುಕೇಟರ್ ಆದರು, ಎಜುಕೇಟರ್ ಬಹಳ ಜನ ಆದಾಗ ಮಾಸ್ಟರ್ ಎಜುಕೇಟರ್ ಬಂದರು, ಅವರಿಗೂ ಜಾಗ ಸಾಲದಾದಾಗ ಅದರ ಹಿಂದೆ ಇಂಟರ್‌ನ್ಯಾಷನಲ್ ಸೇರಿತು. ಗೋಡೆಯ ಮೇಲಿನ ಚೌಕಟ್ಟುಗಳು ಇವರ ವಂಶವೃಕ್ಷ. ಎರಡು ದಿನದ ಲ್ಯಾಶ್ ಕೋರ್ಸಿಗೊಂದು, ಒಂದು ದಿನದ ಬ್ರೋ ಕೋರ್ಸಿಗೊಂದು, ಅವೆರಡನ್ನೂ ಹೇಳಿಕೊಡುವುದು ಹೇಗೆಂದು ಹೇಳಿಕೊಡುವ ಕೋರ್ಸಿಗೆ ಚಿನ್ನದ ಅಂಚಿನದೊಂದು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸು ನವೀಕರಿಸಲು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಫೀಸು ಕಟ್ಟಿದರೆ ಆಯಿತು. ಆದ್ದರಿಂದ ಈ ಚೌಕಟ್ಟುಗಳಿಗೆ ಬೋರ್ಡಿನ ಲೆಕ್ಕದಲ್ಲಿ ಮೊಳೆಯಷ್ಟು ಬೆಲೆಯೂ ಇಲ್ಲ. ಇದು ಮೇಡಂ ಅವರಿಗೂ ಗೊತ್ತು. ಗೊತ್ತಿದ್ದೇ ಅವರು ತಾವು ಕಲಿಸಿದವರಿಗೆಲ್ಲ ಇನ್ನಷ್ಟು ದೊಡ್ಡ ಚೌಕಟ್ಟು ಹಂಚುತ್ತಾರೆ. ಹಾಗೆ ಪಡೆದವರು ಆರು ತಿಂಗಳಲ್ಲಿ ತಮ್ಮದೇ ಅಕಾಡೆಮಿ ತೆರೆಯುತ್ತಾರೆ. ಹುಬ್ಬು ತೀಡಿಸಿಕೊಳ್ಳುವವರಿಗಿಂತ ತೀಡುವುದನ್ನು ಕಲಿಸುವವರೇ ಹೆಚ್ಚಾಗುವ ದಿನ ಬಂದರೆ ಅವರು ಪರಸ್ಪರರ ಹುಬ್ಬನ್ನೇ ತೀಡಿಕೊಂಡು ಬದುಕಬೇಕಾದೀತು.

ನಮ್ಮ ಕನ್ನಡದ ಮೇಡಂ ಅವರಿಗೆ ಕಾಯಿದೆ ಮತ್ತೂ ಉದಾರಿ. ನೂಲಿನಿಂದ ಹುಬ್ಬು ತೀಡುವ ಥ್ರೆಡಿಂಗನ್ನೂ, ಕತ್ತರಿ ಬಣ್ಣ ಮುಟ್ಟದೆ ಕೂದಲು ಹೆಣೆಯುವುದನ್ನೂ ಕ್ಯಾಲಿಫೋರ್ನಿಯಾದ ಕಾನೂನು ಲೈಸೆನ್ಸಿನ ಹೊರಗಿಟ್ಟಿದೆ. ಕಾನೂನಿನ ಮಾತನ್ನು ಓದಿದರೆ ಮೊಗ್ಗಿನ ಜಡೆಯೂ ಈ ವಿನಾಯಿತಿಯೊಳಗೇ ಬರುವಂತೆ ಕಾಣುತ್ತದೆ. ಟೆಕ್ಸಸ್‌ನಲ್ಲಿ ಇಷ್ಟು ಸುಲಭವಿರಲಿಲ್ಲ. ಅಲ್ಲಿ ಥ್ರೆಡಿಂಗ್ ಮಾಡುವವರೂ 750 ಗಂಟೆ ತರಬೇತಿ ಪಡೆಯಬೇಕೆಂಬ ನಿಯಮವಿತ್ತು. ಆ ತರಬೇತಿಯಲ್ಲಿ ದೊಡ್ಡ ಭಾಗ ಥ್ರೆಡಿಂಗಿಗೆ ಸಂಬಂಧವೇ ಇಲ್ಲದ ವಿಷಯ. ಆಶಿಶ್ ಪಟೇಲ್ ಮತ್ತು ಇತರರು ಕೋರ್ಟಿಗೆ ಹೋದರು; 2015ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು. ತೀರ್ಪು ನ್ಯಾಯವಾದದ್ದೇ. ನೂಲು ಹಿಡಿಯುವವಳಿಗೆ ನೂಲಿಗೆ ಸಂಬಂಧವಿಲ್ಲದ ಪಾಠ ಯಾಕೆ? ಆದರೆ ಅನಗತ್ಯ ಪಾಠ ಬೇಡ ಎಂದ ಮಾತ್ರಕ್ಕೆ ಪಾಠವೇ ಬೇಡವೆಂದಲ್ಲ. ಲೈಸೆನ್ಸು ಬೇಡವೆಂದು ಕಾಯಿದೆ ಹೇಳಿದ ಕಡೆಯಲ್ಲಿ ಒಳ್ಳೆಯ ಗುರು ಇನ್ನೂ ಹೆಚ್ಚು ಬೇಕು. ಅಲ್ಲಿ ಗಿರಾಕಿಯ ರೆಪ್ಪೆಗೂ ಕಲಿಯುವವಳ ನೂಲಿಗೂ ನಡುವೆ ಗುರುವನ್ನು ಬಿಟ್ಟರೆ ಬೇರೆ ಕಾವಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಕೆಲಸ ಕೈಗೆ ಹತ್ತದವರೇ ತಾನೇ ಕಲಿಸಲು ಹೊರಡುವುದು? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಮೇಡಂ ಅವರ ಮೇಲೆ ಎಸೆಯುವುದು ಸುಲಭ. ಆದರೆ ಈ ಕೆಲಸ ಮಾಡುವವರ ಮೈಯನ್ನು ಒಮ್ಮೆ ನೋಡಬೇಕು. ದಿನವಿಡೀ ನಿಂತೇ ಇರಬೇಕು, ತೋಳು ಭುಜದ ಮಟ್ಟಕ್ಕೆ ಎತ್ತಿಯೇ ಇರಬೇಕು, ಒಂದೇ ಬೆರಳು ಒಂದೇ ರೀತಿ ಸಾವಿರ ಸಲ ಮಡಚಬೇಕು. ಹತ್ತು ಹದಿನೈದು ವರ್ಷದಲ್ಲಿ ಮಣಿಕಟ್ಟು ಮೊದಲು ದೂರು ಕೊಡುತ್ತದೆ, ಆಮೇಲೆ ಸೊಂಟ. ಬಾಡಿಗೆ ಕುರ್ಚಿಯಲ್ಲಿ ನಿಂತು ದುಡಿಯುವವರಿಗೆ ಪಿಂಚಣಿಯೂ ಇಲ್ಲ, ಬಡ್ತಿಯೂ ಇಲ್ಲ. ಕುರ್ಚಿಯ ಹಿಂದಿನಿಂದ ಮೇಲೇರಲು ಇರುವ ಮೆಟ್ಟಿಲು ಎರಡೇ: ಸ್ವಂತ ಅಂಗಡಿ, ಇಲ್ಲವೇ ಪಾಠ. ಅಂಗಡಿಗೆ ದುಡ್ಡು ಬೇಕು. ಪಾಠಕ್ಕೆ ಕಲಿತದ್ದು ಸಾಕು. ಮೈ ಸೋತವರು ಪಾಠಕ್ಕೆ ಬಂದದ್ದನ್ನು ಕೆಲಸ ಬಾರದವರು ಬಂದದ್ದು ಎಂದು ತಪ್ಪು ತಿಳಿಯಬಾರದು. ಹಾಗೆಂದು ಕೆಲಸ ಬಂದವರಿಗೆಲ್ಲ ಪಾಠ ಬರುತ್ತದೆಂದೂ ಅಲ್ಲ. ಹತ್ತು ನಿಮಿಷದಲ್ಲಿ ಸೊಗಸಾಗಿ ಕೂದಲು ಕತ್ತರಿಸುವವರು ಹೇಗೆ ಕತ್ತರಿಸಿದಿರಿ ಎಂದು ಕೇಳಿದರೆ ಹೀಗೇ ಎಂದು ಇನ್ನೊಂದು ತಲೆ ಕತ್ತರಿಸಿ ತೋರಿಸುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಮೇಡಂ ಕಲಿಸುತ್ತಿಲ್ಲ, ಮಾರುತ್ತಿದ್ದಾರೆ. ನಿಜ. ಎಕ್ಸ್‌ಪೋದ ವೇದಿಕೆಯಲ್ಲಿ ಪಾಠದ ಪ್ರತಿ ಮೂರನೇ ವಾಕ್ಯಕ್ಕೆ ಒಂದು ಬಾಟಲಿ ಕೈಗೆ ಬರುತ್ತದೆ, ವೇದಿಕೆಯಿಂದ ಇಳಿದರೆ ಎದುರಿಗೇ ಕಾರ್ಡು ಉಜ್ಜುವ ಯಂತ್ರ. ಆದರೆ ಅಮೆರಿಕದ ಈ ಉದ್ಯಮದಲ್ಲಿ ಗುರುವೂ ವ್ಯಾಪಾರಿಯೂ ಒಂದೇ ಮನೆಯಲ್ಲಿ ಹುಟ್ಟಿದವರು. 1867ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿ, ಬಟ್ಟೆ ಒಗೆದು ಬದುಕಿದ್ದ ಕಪ್ಪು ಹೆಣ್ಣುಮಗಳೊಬ್ಬಳು ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿಟ್ಟುಕೊಂಡು ಕೂದಲಿನ ಔಷಧ ಮಾರಿದಳು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಲ್ಲಿ ಲೀಲಿಯಾ ಕಾಲೇಜು ತೆರೆದು ಇತರ ಹೆಂಗಸರಿಗೂ ಆ ವಿದ್ಯೆ ಕಲಿಸಿದಳು. 1917ರಲ್ಲಿ ಅವಳ ಏಜೆಂಟರು ಫಿಲಡೆಲ್ಫಿಯಾದಲ್ಲಿ ಸಮಾವೇಶವನ್ನೇ ನಡೆಸಿದರು. ಅಲ್ಲಿ ಕಲಿತ ಹೆಂಗಸರು ಔಷಧವನ್ನೂ ಮಾರಿದರು, ಜೊತೆಗೆ ಇನ್ನೊಬ್ಬರ ಮನೆಯ ಬಟ್ಟೆ ಒಗೆಯುವುದನ್ನೂ ಬಿಟ್ಟರು. ಆದ್ದರಿಂದ ಮಾರಾಟ ಸೇರಿದ್ದು ಅಪರಾಧವಲ್ಲ. ಬಾಟಲಿಯನ್ನು ತೆಗೆದಿಟ್ಟ ಮೇಲೆ ಪಾಠವೆಂಬುದು ಏನಾದರೂ ಉಳಿಯುತ್ತದೆಯೇ ಎಂಬುದೇ ಪರೀಕ್ಷೆ. ಆ ಪರೀಕ್ಷೆಯಲ್ಲಿ ನಮ್ಮ ಮೇಡಂಗಳಲ್ಲಿ ಎಷ್ಟು ಮಂದಿ ಪಾಸಾಗುತ್ತಾರೆ ಎಂದು ಕೇಳಿದರೆ, ಬಾಟಲಿಯನ್ನು ಅವರು ಕೆಳಗಿಟ್ಟರೆ ತಾನೇ ನೋಡುವುದು!

ಮೂರನೆಯದು ಇಂದಿನ ಹುಡುಗಿಯರ ಆಕ್ಷೇಪ: ಎಲ್ಲವೂ ಫೋನಿನ ವಿಡಿಯೋದಲ್ಲಿ ಪುಕ್ಕಟೆ ಸಿಗುವಾಗ ಗುರು ಯಾಕೆ? ಇದಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿದೆ. 2000ನೇ ಇಸವಿಯಲ್ಲಿ ಅಲ್ಲಿಯ ಒಂದು ನೇಲ್ ಸಲೂನಿನಲ್ಲಿ ಪಾದೋಪಚಾರ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಮಂದಿಗೆ ಕಾಲಿನಲ್ಲಿ ಕುರು ಎದ್ದಿತು. ಕಾಲು ನೆನೆಸುವ ತೊಟ್ಟಿಯಲ್ಲಿ ನೀರು ಹೀರುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸೇರಿಕೊಂಡು ಬ್ಯಾಕ್ಟೀರಿಯ ಬೆಳೆದಿತ್ತು. ಉಗುರಿನ ಬಣ್ಣ ಚೆನ್ನಾಗಿಯೇ ಇದ್ದಿರಬೇಕು. ಜಾಲರಿ ಬಿಚ್ಚಿ ತೊಳೆಯುವುದನ್ನು ತೋರಿಸುವ ವಿಡಿಯೋಗೆ ಮೆಚ್ಚುಗೆ ಒತ್ತುವವರಿಲ್ಲ. ಆದ್ದರಿಂದ ಅಂಥ ವಿಡಿಯೋ ಮಾಡುವವರೂ ಕಡಿಮೆ, ನೋಡುವವರಂತೂ ಇನ್ನೂ ಕಡಿಮೆ. ಆ ತೊಳೆಯುವ ಕೆಲಸವನ್ನು ಬೆನ್ನಹಿಂದೆ ನಿಂತು ಗದರಿಸಿ ಮಾಡಿಸಬೇಕಾದವರು ಗುರುವೇ. ಗುರುವಿನ ಬಲ ಏನೆಂಬುದಕ್ಕೆ ಇದೇ ರಾಜ್ಯದಲ್ಲಿ ಇನ್ನೊಂದು ಸಾಕ್ಷಿಯೂ ಇದೆ. 1975ರಲ್ಲಿ ಸ್ಯಾಕ್ರಮೆಂಟೊ ಬಳಿಯ ಹೋಪ್ ವಿಲೇಜ್ ನಿರಾಶ್ರಿತರ ಶಿಬಿರಕ್ಕೆ ನಟಿ ಟಿಪ್ಪಿ ಹೆಡ್ರೆನ್ ಹೋದಾಗ ವಿಯೆಟ್ನಾಮಿನ ಹೆಂಗಸರು ಆಕೆಯ ಉಗುರನ್ನು ಮೆಚ್ಚಿ ನೋಡಿದರು. ಆಕೆ ತನ್ನ ಮ್ಯಾನಿಕ್ಯೂರಿಸ್ಟನ್ನೇ ಕರೆಸಿ 20 ಹೆಂಗಸರಿಗೆ ಕಲಿಸುವ ಏರ್ಪಾಡು ಮಾಡಿದರು. ಇಂದು ಕ್ಯಾಲಿಫೋರ್ನಿಯಾದ ನೇಲ್ ಸಲೂನುಗಳಲ್ಲಿ ಹೆಚ್ಚಿನ ಪಾಲು ವಿಯೆಟ್ನಾಮಿ ಮೂಲದವರದು. ಬೋರ್ಡಿನ ಪರೀಕ್ಷೆಯನ್ನು ವಿಯೆಟ್ನಾಮಿ ಭಾಷೆಯಲ್ಲೂ ಬರೆಯಬಹುದು. ಆ ಮ್ಯಾನಿಕ್ಯೂರಿಸ್ಟಿಗೆ ಕೆನ್ನೆಯ ಮೈಕು ಬೇಕಾಗಲಿಲ್ಲ.

ಹಾಗಾದರೆ ಈ ಬಿರುದಿನ ಹಸಿವು ಎಲ್ಲಿಂದ ಬಂತು? ಕಾಯಿದೆಯ ತೂತು ಅರ್ಧ ಕಾರಣ. ಇನ್ನರ್ಧವನ್ನು ನಾವು ನಮ್ಮ ಊರಿನಲ್ಲೇ ಹುಡುಕಬೇಕು. ಕರ್ನಾಟಕದಲ್ಲಿ ಕ್ಷೌರದ ವಿದ್ಯೆ ಸವಿತಾ ಸಮಾಜದ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬಂತು. ಅಲ್ಲಿ ಗಂಟೆ ಎಣಿಸಿದವರಿಲ್ಲ, ಸರ್ಟಿಫಿಕೇಟು ಕೊಟ್ಟವರಿಲ್ಲ, ಮರ್ಯಾದೆ ಕೊಟ್ಟವರೂ ಕಡಿಮೆ. ಅದೇ ಕೆಲಸ ಅಕಾಡೆಮಿಯ ಹೆಸರಿನಲ್ಲಿ ಗಾಜಿನ ಬಾಗಿಲು ಹಾಕಿಕೊಂಡು ಕೂತಾಗ ನಾವೇ ಫೀಸು ಕಟ್ಟಿ ಮಕ್ಕಳನ್ನು ಕಳಿಸುತ್ತೇವೆ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಇಂದು ಒಂದು ಟ್ರೇಡು. ಅದನ್ನು ಕಲಿಸುವವರಿಗೆಂದು ಕೇಂದ್ರ ಸರ್ಕಾರದ ಒಂದು ವರ್ಷದ ಬೋಧಕ ತರಬೇತಿಯೂ ಉಂಟು. ಆದರೂ ಮಗಳು ಪಾರ್ಲರಿನಲ್ಲಿದ್ದಾಳೆ ಎನ್ನಲು ನಾಲಿಗೆ ತಡವರಿಸುವ ತಾಯಿ, ಮಗಳು ಎಜುಕೇಟರ್ ಎಂದರೆ ಮದುವೆ ಮನೆಯಲ್ಲಿ ಎರಡು ಸಲ ಹೇಳುತ್ತಾಳೆ. ಕೈಯ ಕೆಲಸಕ್ಕೆ ನಾವು ಕೊಡದ ಗೌರವವನ್ನು ಮೇಡಂ ಬಾಯಿಯ ಕೆಲಸದಿಂದ ವಸೂಲಿ ಮಾಡುತ್ತಿದ್ದಾರೆ. ಬಡ್ಡಿ ಸ್ವಲ್ಪ ಜಾಸ್ತಿ ಹಾಕುತ್ತಾರೆ, ಅಷ್ಟೆ. ಸಾಲ ಮಾಡಿದವರು ನಾವೇ ಆದ್ದರಿಂದ ಜೋರಾಗಿ ನಗುವಂತಿಲ್ಲ.

ಆದ್ದರಿಂದ ಎಜುಕೇಟರ್ ಮೇಡಂ ಬೇಡ ಎನ್ನುವುದು ತಪ್ಪು, ಅವರು ಹೇಳಿದ್ದನ್ನೆಲ್ಲ ನಂಬುವುದು ಅದಕ್ಕಿಂತ ದೊಡ್ಡ ತಪ್ಪು. ಅವರಲ್ಲಿ ಕಲಿಯಲು ಹೊರಟ ಹೆಣ್ಣುಮಕ್ಕಳಿಗೆ ಹೇಳುವುದಿಷ್ಟು. ಗೋಡೆಯ ಮೇಲಿನ ಚೌಕಟ್ಟುಗಳನ್ನು ಎಣಿಸಬೇಡಿ. ಮೇಡಂ ಅವರ ಲೈಸೆನ್ಸ್ ನಂಬರು ಕೇಳಿ, ಕ್ಯಾಲಿಫೋರ್ನಿಯಾದ ಗ್ರಾಹಕ ವ್ಯವಹಾರ ಇಲಾಖೆಯ ತಾಣದಲ್ಲಿ ಹುಡುಕಿ; ಅದಕ್ಕೆ ಕಾಸು ಖರ್ಚಿಲ್ಲ. ಅವರು ಕಲಿಸುವ ಜಾಗ ಒಪ್ಪಿಗೆ ಪಡೆದ ಶಾಲೆಯೋ, ಹೆಸರಿಗೆ ಮಾತ್ರ ಅಕಾಡೆಮಿಯೋ ವಿಚಾರಿಸಿ, ಏಕೆಂದರೆ ವಾರಾಂತ್ಯದ ಮಾಸ್ಟರ್‌ಕ್ಲಾಸಿನಲ್ಲಿ ಕೂತ ಗಂಟೆಗಳು ಆ 400ಕ್ಕೂ ಸೇರುವುದಿಲ್ಲ, 1,000ಕ್ಕೂ ಸೇರುವುದಿಲ್ಲ. ಕೊನೆಗೆ, ಪಾಠ ಶುರುಮಾಡುವ ಮೊದಲು ಮೇಡಂ ಕೈ ತೊಳೆದರೋ ಮೈಕು ಸರಿಮಾಡಿಕೊಂಡರೋ ನೋಡಿ. ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಧಾರಾಳವಾಗಿ ಫೀಸು ಕಟ್ಟಿ. ಸಿಗದಿದ್ದರೆ ಗ್ರೂಪ್ ಫೋಟೋಗೆ ನಿಲ್ಲದೆ ಮನೆಗೆ ಬಂದುಬಿಡಿ.