ಅಚ್ಚಿನ ಸರ್‌ಗೆ ಹೊತ್ತಿಲ್ಲ

ಯಳವತ್ತಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಸಾಲಿ ಹುಡುಗರಿಗೆ ‘ಡ್ರಾಯಿಂಗ್ ಸರ್’, ಓಣಿಯವರಿಗೆ ‘ಅಚ್ಚಿನ ಸರ್’, ಮನೆಯವರಿಗೆ ‘ಇಲ್ಲೇ ಎಲ್ಲ್ಯರ ಇರಬೇಕು ನೋಡ್ರಿ’. ಅಂಥವರನ್ನು ನಾನು ಕಂಡೇ ಇಲ್ಲ ಎನ್ನಬೇಡಿ. ಪ್ರತಿ ಊರಿಗೂ ಒಬ್ಬರು ಇರುತ್ತಾರೆ. ಕೆಲವರ ಹತ್ತಿರ ಕೊಳಲು ಇರುತ್ತದೆ, ಕೆಲವರ ಹತ್ತಿರ ಅರ್ಧ ಬರೆದ ಕಾದಂಬರಿ. (ಎರಡನೆಯದು ನನ್ನ ಹತ್ತಿರವೂ ಇದೆ, ಆ ಮಾತು ಈಗ ಬೇಡ.) ನಮ್ಮ ಸರ್ ಹತ್ತಿರ ಇರುವುದು ಒಂದು ಲೈನೊ ತುಂಡು, ಐದು ಉಳಿ, ಒಂದು ರೋಲರ್, ಒಂದು ಡಬ್ಬಿ ಕರಿ ಮಸಿ, ಜೊತೆಗೆ ಒಂದು ಮಾತು: “ಹೊತ್ತ ಸಿಗವಲ್ದ್ರೀ.”

ಅಚ್ಚುಕಲೆಯ ಗಂಧ ಇಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಲೈನೊ ಅಂದರೆ ಲಿನೋಲಿಯಂ, ನೆಲಕ್ಕೆ ಹಾಸುತ್ತಿದ್ದ ಹಾಳೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತ ಬಣ್ಣದ ಡಬ್ಬಿಯಲ್ಲಿ ಅಗಸಿ ಎಣ್ಣೆ ಹಾಲಿನಂತೆ ಕೆನೆ ಕಟ್ಟಿದ್ದನ್ನು ಕಂಡು, ಆ ಕೆನೆಗೆ ಕಾರ್ಕಿನ ಪುಡಿ ಕಲಸಿ 1860ರ ದಶಕದಲ್ಲಿ ಇದನ್ನು ಮಾಡಿದ. ಜನ ತುಳಿದದ್ದು ಸಾಕೆನಿಸಿತೋ ಏನೋ, ಮುಂದೆ ಕಲಾವಿದರು ಅದನ್ನು ಮೇಜಿನ ಮೇಲೆ ಎತ್ತಿಟ್ಟು ಕೆತ್ತತೊಡಗಿದರು. ಉಳಿಯಿಂದ ಕೆತ್ತಿ ತೆಗೆದದ್ದು ಕಾಗದದ ಮೇಲೆ ಬೆಳ್ಳಗೆ ಉಳಿಯುತ್ತದೆ, ಕೆತ್ತದೆ ಬಿಟ್ಟದ್ದು ಮಸಿ ಹಿಡಿದು ಕರ್ರಗೆ ಬೀಳುತ್ತದೆ. ಆ ಮಸಿ ಕೂಡ ಅಗಸಿ ಎಣ್ಣೆಯದೇ. ಕುದಿಸಿ, ಕಾಡಿಗೆ ಕಲಸಿದರೆ ಆಯಿತು. ಶಾಬಾದಿಮಠದವರು, ಹೊಂಬಾಳಿ ಸಹೋದರರು ಎಂದು ಮುದ್ರಣಕ್ಕೇ ಹೆಸರಾದ ಗದಗ ಮಗ್ಗುಲಲ್ಲೇ ಇರುವಾಗ ಮಸಿಗೇನೂ ಬರವಿಲ್ಲ. ಗದಗಿಗೆ ಹೋದಾಗಲೆಲ್ಲ ಸರ್ ಯಾವುದಾದರೂ ಪ್ರೆಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು, ತಳ ಉಳಿದ ಡಬ್ಬಿ ಇಸಿದುಕೊಂಡು ಬರುತ್ತಾರೆ.

ಮದುವೆಯಾದ ಹೊಸದರಲ್ಲಿ ಸರ್ ಇದಿಷ್ಟನ್ನೂ ಹೆಂಡತಿಗೆ ಬಹಳ ಪ್ರೀತಿಯಿಂದ ವಿವರಿಸಿದರಂತೆ. ಅವರು ಪೂರ್ತಿ ಕೇಳಿ, “ಅಗಸಿಯಿಂದ ನಾವು ಹಿಂಡಿ ಕುಟ್ಟತೀವಿ, ರೊಟ್ಟಿ ಜೋಡಿ ಉಣತೀವಿ. ಇಂಗ್ಲಂಡದಾವ್ರು ನೆಲಾ ಮಾಡಿ ತುಳದ್ರು. ನೀವು ಎರಡೂ ಮಾಡವಲ್ರಿ” ಅಂದರಂತೆ. ಕೆತ್ತಿದ್ದು ಬಿಳಿ, ಬಿಟ್ಟದ್ದು ಕರಿ ಎಂಬ ಸೂತ್ರವನ್ನು ಮಾತ್ರ ಅವರು ಮರೆತಿಲ್ಲ. “ಸಂಸಾರದಾಗೂ ಹಂಗs ಐತ್ರೀ. ಇವ್ರು ಬಿಟ್ಟ ಕೆಲಸಾನ ಎದ್ದು ಕಾಣತಾವ.”

ಸರ್ ಕೆತ್ತುತ್ತಿರುವುದು ಬಾತುಕೋಳಿಯನ್ನು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ನಿಮಗೆ ಗೊತ್ತಿರಬೇಕು. ಬಿಳಿ ತಲೆ, ಹಿಂದೆ ಎರಡು ಕರಿ ಪಟ್ಟಿ. ಲೈನೊದಲ್ಲಿ ಕೆತ್ತಲೆಂದೇ ದೇವರು ಮಾಡಿದ ಹಕ್ಕಿ. ಹಿಮಾಲಯವನ್ನೇ ದಾಟಿ ಬಂದು, ಹಗಲು ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಇಳಿಯುತ್ತವೆ. 2024ರಲ್ಲಿ ಕೆರೆಗೆ ರಾಮ್ಸರ್ ಮನ್ನಣೆ ಸಿಕ್ಕಾಗ ಸರ್‌ಗೆ ಉಮೇದು ಬಂತು. ಹುಣ್ಣಿಮೆ ರಾತ್ರಿ, ತಮ್ಮದೇ ಹೊಲ, ಬದುವಿನ ಮೇಲೆ ಬೇವಿನ ಗಿಡ, ಕೆಳಗೆ ಮೇಯುವ ಬಾತುಗಳು. ಚಿತ್ರ ಚಂದ್ರನ ಹಾಗೆ ದುಂಡಗಿರಲಿ ಎಂದು ಲೈನೊವನ್ನೇ ದುಂಡಗೆ ಕತ್ತರಿಸಿದರು. ಎಂಟು ಬಾತುಗಳಲ್ಲಿ ಏಳು ಬೇಗನೇ ಮುಗಿದವು. ಮುಂದಿನ ದೊಡ್ಡ ಬಾತಿನ ತಲೆ ಮಾತ್ರ ಉಳಿಯಿತು. ಅದರ ಪಟ್ಟಿ ಬಿಡಿಸುವುದರೊಳಗೆ ನಿಜವಾದ ಬಾತುಗಳು ಮಂಗೋಲಿಯಾ ಕಡೆ ಹೋಗಿ, ಮರಿ ಮಾಡಿ, ಮರಿಗಳಿಗೆ ಹಾರುವುದು ಕಲಿಸಿ, ತಿರುಗಿ ಮಾಗಡಿಗೆ ಬಂದವು. ಸರ್ ಅಡಿಗೆಮನೆಯಿಂದ ಕೆತ್ತುವ ಅಟ್ಟಕ್ಕೆ ಹತ್ತಿರಲಿಲ್ಲ.

ಹಾಗಂತ ಅವರು ಮೈಗಳ್ಳರಲ್ಲ. ಒಂದು ರವಿವಾರ ನಾನೇ ಕೂತು ನೋಡಿದ್ದೇನೆ. ಏಳು ಗಂಟೆಗೆ ಕಿಟಕಿ ತೆಗೆದರು, ಉಳಿಯನ್ನು ಕಲ್ಲಿಗೆ ಮಸೆದರು, ಉಗುರಿನ ಮೇಲೆ ಆಡಿಸಿ ಹರಿತ ನೋಡಿದರು. ಎದುರಿನ ಗೋಡೆಗೆ ನಂದಲಾಲ್ ಬೋಸರು 1930ರಲ್ಲಿ ಕೆತ್ತಿದ ಗಾಂಧಿಯ ಲೈನೊ ಚಿತ್ರದ ಪ್ರತಿ ಅಂಟಿಸಿದ್ದಾರೆ, ಕೈಯಲ್ಲಿ ಕೋಲು, ದಂಡಿಯ ನಡಿಗೆ. ಅದಕ್ಕೆ ಕೈ ಮುಗಿದು ಉಳಿಯ ಮೊನೆಯನ್ನು ಬಾತಿನ ಕತ್ತಿನ ಮೇಲೆ ಊರಿದರು. ಲೈನೊ ಸುರುಳಿಯಾಗಿ ಏಳಬೇಕು, ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು, ನಳ ಬಂದಿದೆ. ನೀರು ತುಂಬಿಸಿ ಬಂದು ಕೂತರೆ ಸಿಲಿಂಡರಿನ ಗಾಡಿ. ಅದಾದ ಮೇಲೆ ಮಗಳ ವಿಜ್ಞಾನದ ಪ್ರಾಜೆಕ್ಟಿಗೆ ಜ್ವಾಲಾಮುಖಿ. ಅದು ಉಕ್ಕುವ ಹೊತ್ತಿಗೆ ಓಣಿಯ ಹುಡುಗನೊಬ್ಬ ಟ್ರ್ಯಾಕ್ಟರನ್ನೇ ಬಾಗಿಲಿಗೆ ತಂದು ನಿಲ್ಲಿಸಿದ. “ಸರ್, ಟ್ರೇಲರ್ ಹಿಂದ ‘ತಾಯಿ ಆಶೀರ್ವಾದ’ ಅಂತ ಬರದ ಕೊಡ್ರಿ, ನಿಮ್ಮ ಅಕ್ಷರ ಭಾಳ ಚೆಂದ.” ಚಿತ್ರ ಕಲಿತವನಿಗೆ ಹಳ್ಳಿಯಲ್ಲಿ ಇದು ತಪ್ಪಿದ್ದಲ್ಲ. ಲಗ್ನದ ಮನೆ ಗೋಡೆ, ಗಣಪತಿಯ ಕಣ್ಣು, ಪಂಚಾಯ್ತಿ ಚುನಾವಣೆಯ ಚಿಹ್ನೆ, ಎಲ್ಲಕ್ಕೂ ಅವರೇ. ತಾಯಿ ಆಶೀರ್ವಾದ ಬರೆದು ಮುಗಿದಾಗ ಊಟದ ಹೊತ್ತು. ಗಾಂಧಿ ಗೋಡೆಯ ಮೇಲೆ ನಡೆಯುತ್ತಲೇ ಇದ್ದರು, ಉಳಿ ಎಲ್ಲಿ ಊರಿತ್ತೋ ಅಲ್ಲೇ ಊರಿತ್ತು.

ಅವರ ಉಪನ್ಯಾಸ ಶುರುವಾಗುವುದು ಊಟದ ಮೇಲೆ. “ಡ್ಯೂರರ್ ಹೆಂಡ್ತಿ ಆಗ್ನೆಸ್ ಗೊತ್ತೇನ್ರಿ? ಗಂಡನ ಅಚ್ಚಿನ ಚಿತ್ರ ಗಂಟು ಕಟಗೊಂಡು ಜಾತ್ರಿ ಜಾತ್ರಿಗೆ ಹೋಗಿ ಮಾರತಿದ್ಲು. ಹಿಂಗ ಇರಬೇಕು ಸಹಕಾರ.” ಒಳಗಿನಿಂದ ಉತ್ತರ ಬಂತು, “ನಾನೂ ಮಾರತೇನಿ. ಮೊದಲ ಮಾಡ್ರಿ, ಏನ್ ಮಾರಲಿ?” ಸರ್ ದನಿ ಇಳಿಸಿ ನನ್ನ ಕಡೆ ತಿರುಗಿದರು. ಮನೆಯ ಗದ್ದಲದಲ್ಲಿ ಕಲೆ ಹುಟ್ಟುವುದಿಲ್ಲ, ಅದಕ್ಕೆ ಏಕಾಂತ ಬೇಕು ಎಂಬುದು ಅವರ ಸಿದ್ಧಾಂತ. ನಾನು ಸೆನೆಫೆಲ್ಡರನ ಕತೆ ತೆಗೆದೆ. 1796ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಆತ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ. ಬಾಗಿಲಲ್ಲಿ ಅಗಸಗಿತ್ತಿ ಕಾಯುತ್ತಿದ್ದಳು, ಒಗೆಯಲು ಹಾಕಿದ ಬಟ್ಟೆಗಳ ಪಟ್ಟಿ ಬರೆದುಕೊಡು ಎಂದು ತಾಯಿ ಕೂಗಿದಳು. ಕೈಗೆ ಕಾಗದ ಸಿಗಲಿಲ್ಲ. ಮುಂದಿದ್ದ ನುಣುಪು ಕಲ್ಲಿನ ಮೇಲೆಯೇ ಮೇಣದ ಮಸಿಯಿಂದ ಬರೆದ. ಆ ಬಟ್ಟೆ ಪಟ್ಟಿಯ ಬೆನ್ನು ಹತ್ತಿ ಹೋದವನಿಗೆ ಕಲ್ಲಚ್ಚು ಸಿಕ್ಕಿತು. ಅದರಿಂದಲೇ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ನಮ್ಮ ಜಗುಲಿಗೆ ಬಂದದ್ದು. ಕತೆ ಕೇಳಿದ ಸರ್ ಗಂಭೀರವಾಗಿ ಹೇಳಿದರು, “ಅಂವಗ ಕಲ್ಲರ ಇತ್ರೀ.” ಒಳಗಿನಿಂದ ಮತ್ತೆ ಕೇಳಿಬಂತು, “ಒಗಿಯಾಕ ಬಟ್ಟಿ ಹಾಕೀನಿ, ಪಟ್ಟಿ ಬರಕೋರಿ.”

ಮಿಶ್ರ ಮಾಧ್ಯಮದ ಕಾಲವೂ ಒಂದು ಬಂದು ಹೋಯಿತು. ಕೆತ್ತಲು ಹೊತ್ತಿಲ್ಲ, ಅಂಟಿಸಲಾದರೂ ಸಿಕ್ಕೀತು ಎಂಬ ಲೆಕ್ಕ. ಗೋಣಿತಾಟು, ಹಳೆ ಲಗ್ನಪತ್ರಿಕೆ, ಬಸ್ಸಿನ ಟಿಕೀಟು, ಇಳಕಲ್ ಸೀರೆಯ ಹರಿದ ಸೆರಗು, ಬ್ಯಾಡಗಿ ಮೆಣಸಿನಕಾಯಿ, ಎಲ್ಲ ಒಂದೇ ಹಲಗೆಯ ಮೇಲೆ. ಮನೆ ಮಂದಿ ಮೂರು ದಿನ ಸೀನಿದರು. ಕಣ್ಣು ಮಂಜಾದ ತಾಯಿ ಹಲಗೆಯ ತುಂಬ ಕೈಯಾಡಿಸಿ, “ಕೌದಿ ಚೊಲೊ ಆಗೇತಿ, ಅಂಚು ಯಾಕ ಹಚ್ಚಿಲ್ಲ?” ಎಂದು ಕೇಳಿದರು. ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಯಾವ ಗ್ಯಾಲರಿಯಲ್ಲೂ ಕೇಳಿಲ್ಲ.

ಆಮೇಲೆ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಸರ್ ಕಣ್ಣು ಕಬ್ಬಿನ ಹಾಲಿನ ಗಾಡಿಯ ಮೇಲೆ ಬಿತ್ತು. ಎಚ್ಚಿಂಗ್ ಪ್ರೆಸ್ ಅಂದರೂ ಅಷ್ಟೇ ತಾನೆ, ಎರಡು ಉಕ್ಕಿನ ಉರುಳೆ, ನಡುವೆ ಹಲಗೆ, ಮೇಲೊಂದು ದಪ್ಪ ಉಣ್ಣೆಬಟ್ಟೆ. ರಟ್ಟಿನ ಮೇಲೆ ದಾರ ಅಂಟಿಸಿ ಮಾಡಿದ ಅಚ್ಚು, ನೆನೆಸಿದ ಕಾಗದ, ಹರಿದ ಕಂಬಳಿಯ ತುಂಡು ಹಿಡಿದು ಹೋದರು. ಗಾಡಿಯವ ಎರಡು ಗ್ಲಾಸು ಹಾಲಿನ ರೊಕ್ಕ ತಗೊಂಡು ಕೈ ಬಿಟ್ಟ. ಅಚ್ಚೇನೋ ಬಿತ್ತು. ಉರುಳೆಯ ಹಲ್ಲುಗಳೂ ಅದರ ಜೊತೆಗೇ ಬಿದ್ದು ಚಿತ್ರದ ತುಂಬ ಉದ್ದುದ್ದ ಗೆರೆ ಮೂಡಿದವು. ಧಾರವಾಡದಿಂದ ಬಂದ ಕಲಾ ಪರಿಣತರೊಬ್ಬರು ಅದನ್ನು ನೋಡಿ, ಈ ಗೆರೆಗಳಲ್ಲಿ ಬರಗಾಲದ ನೇಗಿಲ ಸಾಲುಗಳ ಮೌನ ರೋದನವಿದೆ ಎಂದು ಇಪ್ಪತ್ತು ನಿಮಿಷ ಮಾತಾಡಿದರು. ಆ ರಾತ್ರಿಯೇ ಇರುವೆ ಮುತ್ತಿ ರೋದನವನ್ನು ಪೂರ್ತಿ ತಿಂದು ಹಾಕಿದವು.

ಮುಖ್ಯ ಸಂಗತಿಗೆ ಬರುತ್ತೇನೆ. ಹೋದ ಬ್ಯಾಸಿಗಿ ರಜೆಯಲ್ಲಿ ಸರ್ ಹೆಂಡತಿ, ಮಕ್ಕಳು, ತಾಯಿ, ಎಲ್ಲರೂ ಎಂಟು ದಿನ ಊರಿಗೆ ಹೋದರು. ಹೋಗುವಾಗ ಅವರ ಮನೆಯವರು ನನ್ನೆದುರೇ ಹೇಳಿದರು, “ಎಂಟು ದಿವಸ ನಿಮ್ಮನ್ನ ಯಾರೂ ಕರಿಯೂದಿಲ್ಲ. ಬಾತುಕೋಳಿ ಮುಗಿಸ್ರಿ.” ನಾಲ್ಕನೇ ದಿನ ನೋಡಲು ಹೋದೆ. ಬಾಗಿಲು ತೆರೆದೇ ಇತ್ತು. ಲೈನೊ ಮೇಜಿನ ಮೇಲಿತ್ತು, ಉಳಿಗಳನ್ನು ಗಾತ್ರದ ಪ್ರಕಾರ ಜೋಡಿಸಿದ್ದರು, ಮಸಿ ಡಬ್ಬಿಯ ಮುಚ್ಚಳ ಒರೆಸಿದ್ದರು. ಸರ್ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿ ಮೋಡ ನೋಡುತ್ತಿದ್ದರು. “ಏನ್ರೀ, ಕೆತ್ತೂದು?” ಅಂದೆ. “ಮನಿ ಬಣ ಬಣ ಅಂತೈತ್ರೀ, ಮನಸ ಹತ್ತವಲ್ದು.” ಎಂಟನೇ ದಿನ ಮಂದಿ ಬಂದಿಳಿದರು, ನಳ ಬಂತು, ತಾಯಿ ಗುಳಿಗೆ ಕೇಳಿದರು. ಸರ್ ಮುಖಕ್ಕೆ ಕಳೆ ಬಂತು. ಸಂಜೆ ನನ್ನನ್ನು ಕಟ್ಟೆಗೆ ಕರೆದು ಜೀವ ತುಂಬಿ ಹೇಳಿದರು, “ಹೊತ್ತ ಸಿಗವಲ್ದ್ರೀ!”

ಆ ಚಿತ್ರ ಕೊನೆಗೆ ಮುಗಿದದ್ದು ಎಳ್ಳಮಾಸಿ ದಿನ. ಚಳಿಗೆ ಲೈನೊ ಬಿರುಸಾಗುತ್ತದೆ, ಬೆಚ್ಚಗೆ ಮಾಡಿದರೆ ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಇವತ್ತಾದರೂ ಎರಡು ಗೀರು ಎಳೆಯೋಣ ಎಂದು ಸರ್ ಒಲೆಯ ಪಕ್ಕದ ರೊಟ್ಟಿ ಬುಟ್ಟಿಯ ಮೇಲೆ ಅದನ್ನಿಟ್ಟು, ಹೊಲಕ್ಕೊಯ್ಯುವ ಚರಗದ ಎಡೆ ಕಟ್ಟಲು ಬಾಳೆ ಎಲೆ ತರಲು ಹೋದರು. ಹಬ್ಬಕ್ಕೆ ಬಂದ ಮಾವನವರು ಚಹಾದ ಜೊತೆ ಏನಾದರೂ ಇರಲಿ ಎಂದು ಬುಟ್ಟಿಗೆ ಕೈ ಹಾಕಿದರು. ದುಂಡಗೆ, ಬೂದು ಬಣ್ಣ, ತೆಳ್ಳಗೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೂ ಅದಕ್ಕೂ ಅಂಥ ಫರಕು ನನಗೂ ಕಾಣುವುದಿಲ್ಲ. ಮುರಿಯಲು ನೋಡಿದರು, ಮಣಿಯಿತೇ ಹೊರತು ಮುರಿಯಲಿಲ್ಲ. ಚಹಾದಲ್ಲಿ ಅದ್ದಿದರು. “ತಂಗೀ, ಈ ಸಲ ಸಜ್ಜಿ ರೊಟ್ಟಿ ನಾರ ಆಗ್ಯಾವಲ್ಲ” ಎಂದು ಕೂಗಿದರು.

ಮನೆ ಮಂದಿಯೆಲ್ಲ ನಕ್ಕು ಮುಗಿಸುವ ಹೊತ್ತಿಗೆ ಸರ್ ಬಂದರು. ಮಾವನವರಿಗೆ ಸಿಟ್ಟು, ಜೊತೆಗೆ ಕುತೂಹಲ. “ಇದರಾಗ ಏನೈತಿ ತೋರಸ್ರಿ, ತೋರಿಸಿದ ಮ್ಯಾಲೇ ಹೊಲಕ್ಕ ಹೋಗೂದು.” ಬಾಗಿಲಲ್ಲಿ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿತ್ತು, ಎಡೆಯ ಬುಟ್ಟಿಗಳು ಆಗಲೇ ಏರಿದ್ದವು. ಸರ್ ನಿಂತಲ್ಲೇ ಉಳಿ ಹಿಡಿದು ಬಾತಿನ ತಲೆಯ ಮೇಲೆ ಸರ್, ಸರ್ ಎಂದು ಎಳೆದರು. ಎರಡೂ ಪಟ್ಟಿ ಬಿಟ್ಟುಕೊಂಡವು. ಮಗಳು ಗಾಜಿನ ಮೇಲೆ ಮಸಿ ಹಾಕಿ ರೋಲರ್ ಆಡಿಸಿದಳು. ಮಸಿ ಹದಕ್ಕೆ ಬಂದಾಗ ಒಗ್ಗರಣೆ ಸಿಡಿದಂಥ ಸಣ್ಣ ಚಟಚಟ ಸದ್ದು ಬರುತ್ತದೆ, ಅದು ಬಂತು. ಕಾಗದ ಹಾಸಿದರು. ಬೆನ್ನು ತಿಕ್ಕಲು ಸೌಟು ಹುಡುಕಿದರೆ ಅದು ಪುಂಡಿಪಲ್ಯದ ಜೊತೆ ಟ್ರ್ಯಾಕ್ಟರ್ ಏರಿತ್ತು. “ಸರೀರಿ” ಎಂದು ಅವರ ಮನೆಯವರು ಕೂತು, ಅಂಗೈಯಿಂದ ರೊಟ್ಟಿ ಬಡಿದಂತೆ ನಡುವಿನಿಂದ ಅಂಚಿಗೆ, ಅಂಚಿನಿಂದ ಸುತ್ತಲೂ ಒಂದೇ ಸಮ ಬಡಿಯುತ್ತ ಹೋದರು. ಸರ್ ಕಾಗದದ ಮೂಲೆ ಹಿಡಿದು ಮೆಲ್ಲಗೆ ಎತ್ತಿದರು. ಅಷ್ಟು ಸಮನಾದ ಕಪ್ಪನ್ನು ನಾನು ದೊಡ್ಡ ಊರಿನ ಪ್ರದರ್ಶನಗಳಲ್ಲೂ ನೋಡಿಲ್ಲ.

ಯಾರೂ ಮಾತಾಡಲಿಲ್ಲ. ತಾಯಿ ಕಾಗದವನ್ನು ಕಣ್ಣಿನ ತೀರ ಸಮೀಪ ಹಿಡಿದು ನೋಡಿದರು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಸಾಲಿಯಲ್ಲಿ ಇದನ್ನೇ ಕಲಿಸುವ ಸರ್ ಲೈನೊದ ಮೇಲೆ ತಿರುವಿ ಬರೆಯುವುದನ್ನು ಮರೆತಿದ್ದರು. ತಾಯಿ ಕಂಪಿಸುವ ದನಿಯಲ್ಲಿ ಹೇಳಿದರು, “ಬೇವಿನ ಗಿಡ ದಾಯಾದ್ಯಾರ ಕಡಿಗೆ ಹಾಕಿಯಲ್ಲೋ! ಇದಕ್ಕ ಸಹಿ ಮಾಡಬ್ಯಾಡ.”

ಹೊಲದಿಂದ ಬಂದ ಮೇಲೆ ಇನ್ನೂ ಒಂಬತ್ತು ಪ್ರತಿ ತೆಗೆದರು. ತಾಯಿಯ ಮಾತಿನಂತೆ ಸಹಿ ಮಾಡದೆ, 1/10ರಿಂದ 10/10ರವರೆಗೆ ಅಂಕಿ ಮಾತ್ರ ಹಾಕಿದ್ದಾರೆ. ಒಂದನ್ನು ಮಾವನವರು ಒಯ್ದರು, ಒಂದು ಟ್ರ್ಯಾಕ್ಟರಿನ ಹುಡುಗನಿಗೆ ಹೋಯಿತು, ಒಂದು ಕಡಕ್ ರೊಟ್ಟಿಯ ಡಬ್ಬಿಗೆ ತಳಹಾಸು ಆಗಿದೆ. ಏಳು ಉಳಿದಿವೆ, ಮಾರುವುದು ಮನೆಯವರ ಕೈಯಲ್ಲಿದೆ. ಬೇಕಾದವರು ಯಳವತ್ತಿಗೆ ಬಂದು ಅಚ್ಚಿನ ಸರ್ ಮನೆ ಎಲ್ಲಿ ಎಂದು ಕೇಳಿ, ಯಾರಾದರೂ ತೋರಿಸುತ್ತಾರೆ. ಹೆಚ್ಚಿನ ಪ್ರತಿ ತೆಗೆಸುವವರು ಮಾತ್ರ ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಬರಬೇಡಿ. ಅದು ರೊಟ್ಟಿ ಬಡಿಯುವ ಹೊತ್ತು, ಪ್ರೆಸ್ ಖಾಲಿ ಇರುವುದಿಲ್ಲ.